ಏನೂ ಕಮ್ಮಿ ಇಲ್ರಿ

ಹುಮನಾಬಾದಿನ ಆ ಬಾಡಿಗೆ ಕೋಣೆಗೆ ಹೊರದೇಶದ ಸರ್ಕಾರವೊಂದು ದುಡ್ಡು ಕೊಡುತ್ತಿತ್ತು. ಇಂಗ್ರಿಡ್ ಎಂಬ ಸ್ವಯಂಸೇವಕಿಯನ್ನು ಕಳಿಸಿದ್ದೂ ಅದೇ ಸರ್ಕಾರ. ಶಾಲೆ ಬಿಟ್ಟ ಹುಡುಗಿಯರನ್ನು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸುವುದು ನಮ್ಮ ಕೆಲಸ. ಗಣಿತ, ವಿಜ್ಞಾನ ಅವಳದು. ಅವಳ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದು, ಉಳಿದ ಪಾಠ ಮಾಡುವುದು ನನ್ನದು.

ದಿನಾ ಬೆಳಿಗ್ಗೆ ಬಸವಕಲ್ಯಾಣದಲ್ಲಿ ಬಸ್ಸು ಹತ್ತುತ್ತಿದ್ದೆ. ಗಂಡ ಅಜೀತ ತೀರಿಕೊಂಡ ಮೇಲೆ ಅತ್ತೆಯ ಮನೆಯಿಂದ ಹೊರಬೀಳಲು ನನಗಿದ್ದ ಕಾರಣ ಅದೊಂದೇ. ಕಂಡಕ್ಟರ್ ಹೆಂಗಸರ ಶೂನ್ಯ ದರದ ಟಿಕೆಟ್ ಕೊಟ್ಟು ಮುಂದೆ ಹೋಗುತ್ತಿದ್ದ. ದಾರಿಯುದ್ದಕ್ಕೂ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ದಸರಾ ಮುಗಿದ ವಾರ ಆ ದೇಶದಿಂದ ಒಬ್ಬ ಮಹಿಳಾ ಅಧಿಕಾರಿ ಬಂದರು. ಹಣ ಮುಂದುವರಿಸಬೇಕೋ ಬೇಡವೋ ಎಂದು ಅವರು ವರದಿ ಬರೆಯಬೇಕಿತ್ತು. ಹುಡುಗಿಯೊಬ್ಬಳ ಮನೆ ನೋಡುತ್ತೇನೆ ಎಂದಾಗ ಬೇಮಳಖೇಡದ ಉಜ್ವಲಾಳ ಮನೆಗೆ ಕರೆದೊಯ್ದೆವು. ಹದಿನೇಳರ ಉಜ್ವಲಾ ಎಂಟನೆಯ ತರಗತಿಗೇ ಶಾಲೆ ಬಿಟ್ಟು ಹೊಲದ ಕೂಲಿಗೆ ಹೋಗಿದ್ದವಳು. ಮಾರ್ಚಿನಲ್ಲಿ ಅವಳ ಪರೀಕ್ಷೆ. ಈ ಸಲ ಪಾಸಾಗದಿದ್ದರೆ ಲಗ್ನ ಎಂದು ಮನೆಯಲ್ಲಿ ಮಾತಾಗಿತ್ತು.

ಅವಳ ತಾಯಿ ಸುಂದರಬಾಯಿ ಅಂದು ಕೂಲಿ ಬಿಟ್ಟಿದ್ದರು. ಅಂಗಳ ಸಾರಿಸಿದ್ದರು. ನೆರೆಮನೆಯಿಂದ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್ ಫ್ಯಾನು ಬಂದಿದ್ದವು. ಹೋಳಿಗೆ ಮಾಡಿದ್ದರು.

ಅಧಿಕಾರಿಯ ಮೊದಲ ಪ್ರಶ್ನೆ, ನಿಮಗೆ ಏನು ಕೊರತೆಯಿದೆ ಎಂದು. ಕನ್ನಡದಲ್ಲಿ ಕೇಳಿದೆ.

"ಏನೂ ಕಮ್ಮಿ ಇಲ್ರಿ. ಎಲ್ಲಾ ಆರಾಮ ಅದ," ಎಂದರು ಸುಂದರಬಾಯಿ, ಅಧಿಕಾರಿಯ ತಟ್ಟೆ ನೋಡುತ್ತ. "ಬಾಯಾರ್ಗಿ ಇನ್ನೊಂದ್ ಹೋಳಿಗಿ ಹಾಕ್ತೀನಿ ತಡೀರಿ."

ಮಗಳನ್ನು ಓದಿಸುವುದು ಕಷ್ಟವೇ? ಇಲ್ಲ. ಈ ತರಗತಿ ನಿಂತರೆ? ಹೇಗೋ ಆಗುತ್ತದೆ. ಉಣ್ಣುತ್ತ ಕುಳಿತವರ ಮುಂದೆ ನಮ್ಮ ಕಡೆ ಯಾರೂ ಕಷ್ಟ ಹೇಳಿಕೊಳ್ಳುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಅವರು ಆಡಿದಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ಕುರ್ಚಿಗಳನ್ನು, ಫ್ಯಾನನ್ನು ನೋಡಿ ಬರೆದುಕೊಂಡರು.

ಮರಳುವಾಗ ಕಾರಿನಲ್ಲಿ ನನ್ನನ್ನೂ ಕೇಳಿದರು, ಈ ಕೆಲಸ ನಿಂತರೆ ನಿಮಗೆ ಹೇಗೆ ಎಂದು. ನನಗೇನೂ ತೊಂದರೆಯಿಲ್ಲ ಎಂದೆ. ಅಜೀತ ಹೋದ ಮೇಲೆ, ಎರಡು ವರ್ಷದಿಂದ, ಎಲ್ಲರಿಗೂ ಹೇಳುತ್ತ ಬಂದದ್ದು ಅದನ್ನೇ.

ನವೆಂಬರ್ ಕೊನೆಗೆ ಪತ್ರ ಬಂತು. ಈ ಭಾಗದ ಕುಟುಂಬಗಳ ಸ್ಥಿತಿ ಸುಧಾರಿಸಿದೆ, ಹಣವನ್ನು ಹೆಚ್ಚು ಅಗತ್ಯವಿರುವ ಕಡೆ ಕಳಿಸುತ್ತೇವೆ ಎಂದಿತ್ತು. ಇಂಗ್ರಿಡ್ ಅತ್ತಳು. ಅವಳನ್ನು ಹೈದರಾಬಾದಿನ ಬಸ್ಸಿಗೆ ಹತ್ತಿಸಿ, ಕೋಣೆಯ ಕೀಲಿಯನ್ನು ಮಾಲೀಕರಿಗೆ ಕೊಟ್ಟೆ.

ಅತ್ತೆಗೆ ಹೇಳಲಿಲ್ಲ. ಮರುದಿನವೂ ಡಬ್ಬಿ ಕಟ್ಟಿಕೊಂಡು ಹೊರಟೆ. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಸಂಜೆಯವರೆಗೆ ಕುಳಿತು ವಾಪಸಾದೆ. ನಾಲ್ಕು ದಿನ ಹಾಗೇ ಆಯಿತು. ಐದನೆಯ ದಿನ ಬೇಮಳಖೇಡದ ಬಸ್ಸು ಹತ್ತಿದೆ.

ಕುರ್ಚಿ, ಫ್ಯಾನು ನೆರೆಮನೆಗೆ ಮರಳಿದ್ದವು. ಸುಂದರಬಾಯಿ ಚಾಪೆ ಹಾಸಿದರು. ಅಂದು ನಾವು ಹೇಳಿದ್ದೇನು, ಪತ್ರದಲ್ಲಿ ಬಂದದ್ದೇನು ಎಂದು ತಿಳಿಸಿದೆ.

"ನಾಕ್ ಹೋಳಿಗಿ ಉಂಡ್ ಹೋಗಿ ಇದ ಬರ್ದಾಳೇನ್ರಿ ಆ ಬಾಯಿ?" ಎಂದರು. "ಮನಿಗಿ ಬಂದೋರ್ ಮುಂದ ಅಳಬೇಕಿತ್ತೇನ್ರಿ ಅಕ್ಕೋರ? ನಿಮಗ ಗೊತ್ತಿತ್ತಲ್ಲ. ನೀವರ ತಿಳಿಸಿ ಹೇಳಬೇಕಿತ್ತು."

ಹೇಳಬೇಕಿತ್ತು ಎಂದು ಒಪ್ಪಿಕೊಂಡೆ.

ಅವರು ಒಳಗೆ ಹೋಗಿ ಚಹಾ ಮಾಡಿ ತಂದರು. ಕಪ್ಪು ಕೊಡುತ್ತ, ಬಂದವರನ್ನೆಲ್ಲ ಕೇಳುವಂತೆ ಕೇಳಿದರು: "ನೀವು ಆರಾಮ ಅದೀರಿಲ್ಲ?"

"ಇಲ್ರಿ," ಎಂದೆ.

ಸುಂದರಬಾಯಿ ನನ್ನನ್ನೇ ನೋಡಿದರು. ಆಮೇಲೆ ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತರು. ಏನಾಯಿತು ಎಂದು ಕೇಳಲಿಲ್ಲ.

"ಉಜ್ವಲಾ ತೊಗರಿ ಕೊಯ್ಲಾಕ ಹೋಗ್ಯಾಳ್ರಿ," ಎಂದರು. "ಪುಸ್ತಕ ಮ್ಯಾಲ ಎತ್ತಿಟ್ಟಾಳ. ಕೂಲಿ ಬಿಡಸಾಕ ನನ್ನ ಕೈಲೆ ಆಗಂಗಿಲ್ಲ. ಖರೇ ಹೇಳಾಕತ್ತೇನಿ."

ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಕೇಳಿದೆ.

"ಮೂರಕ್ಕ."

ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಆರಿದ ಚಹಾ ಕುಡಿದು, ಗೋಡೆಯ ಗೂಡಿನಿಂದ ಗಣಿತದ ಪುಸ್ತಕ ಇಳಿಸಿಕೊಂಡೆ. ನನಗೇ ಸರಿಯಾಗಿ ಬಾರದ ಲೆಕ್ಕಗಳು. ಅವಳು ಬರುವ ಮೊದಲು ಎರಡಾದರೂ ಬಿಡಿಸಿ ನೋಡಬೇಕಿತ್ತು.