ಹೇಂಟೆಗೆ ಬಣ್ಣ ಬೇಡ

ನಾನು ವಸ್ತುಸಂಗ್ರಹಾಲಯದ ಹಕ್ಕಿ ಕೋಣೆಯವಳು. ಸತ್ತ ಹಕ್ಕಿಯ ತೊಗಲಿನೊಳಗೆ ಹತ್ತಿ ತುಂಬಿ, ತಂತಿ ಕೂರಿಸಿ, ಗಾಜಿನ ಕಣ್ಣಿಟ್ಟು ಜೀವ ಬಂದಂತೆ ನಿಲ್ಲಿಸುವುದು ನನ್ನ ಕಸುಬು. ಅಪ್ಪನಿಂದ ಕಲಿತದ್ದು. ಇಲ್ಲಿ ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ಜಂಬ ಅಂದುಕೊಳ್ಳಬೇಡಿ, ಬೇರೆ ಯಾರೂ ಈ ಕೆಲಸ ಮಾಡುವುದೇ ಇಲ್ಲ.

ಹೊಸದಾಗಿ ಬಂದ ಸಾಹೇಬರು ಕಾಡುಕೋಳಿಗಳ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಮೂಗು ಮುರಿದರು. ಒಳಗೆ ಪಾಲಿಶ್ ಮಾಡಿದ ಹಲಗೆಯ ಮೇಲೆ ಬಂಗಾರದ ಕುತ್ತಿಗೆಯ, ಕಡುಹಸಿರು ಬಾಲದ ಹುಂಜ. ಪಕ್ಕದಲ್ಲಿ ಮುದುಡಿ ಕೂತ ಮಣ್ಣು ಬಣ್ಣದ ಹೇಂಟೆ.

"ಏನಮ್ಮಾ, ಹೇಂಟೆ ಹೀಗೆ ಕಳೆಗುಂದಿದೆ? ಬಂದವರು ಅದರ ಕಡೆ ತಿರುಗಿಯೂ ನೋಡಲ್ಲ. ಒಂಚೂರು ಕೆಂಪು, ಹಳದಿ ಹಚ್ಚಿ."

"ಕಳೆಗುಂದಿಲ್ಲ ಸಾರ್. ಅದರ ಬಣ್ಣವೇ ಅದು."

"ಸೋಮವಾರ ಮೇಲಿನವರು ಬರ್ತಾರೆ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಪೇಂಟರ್ ಕರೆಸ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹೇಂಟೆ ಅಪ್ಪ ಕೊನೆಯದಾಗಿ ತುಂಬಿದ ಹಕ್ಕಿ. ಆಗಲೇ ಅವನ ಕಣ್ಣು ಮಂಜಾಗಿತ್ತು. ಕಿಟಕಿಯ ಬೆಳಕಿನಲ್ಲಿ ಮೂರು ವಾರ ಕೂತು ಒಂದೊಂದೇ ಗರಿ ನೇವರಿಸಿ ಕೂರಿಸಿದ್ದ. "ಹುಂಜ ಯಾರು ಬೇಕಾದ್ರೂ ತುಂಬ್ತಾರೆ ಕಣೇ, ಜನ ಬಣ್ಣಕ್ಕೇ ಮರುಳಾಗ್ತಾರೆ. ಹೇಂಟೆಯಲ್ಲಿ ಒಂದು ಗರಿ ಅಡ್ಡ ಬಿದ್ರೂ ಸಿಕ್ಕಿಬೀಳ್ತೀವಿ" ಅನ್ನುತ್ತಿದ್ದ. ಈಗ ಅವನಿಗೆ ಏನೂ ಕಾಣುವುದಿಲ್ಲ. ಆದರೂ, "ಆ ಹೇಂಟೆ ಸರಿಯಾಗಿ ಬಂದಿತ್ತೇನೇ?" ಎಂದು ಇವತ್ತಿಗೂ ಕೇಳುತ್ತಾನೆ. ನಾನು ಹೂಂ ಅಂದರೆ ನಂಬುವುದಿಲ್ಲ. ಅದರ ಮೇಲೆ ಯಾವನೋ ಬಂದು ಬಣ್ಣ ಬಳಿಯುವುದೇ? ನಾನಿರುವ ತನಕ ಆ ಮಾತಿಲ್ಲ.

"ಪೇಂಟರ್ ಬೇಡ ಸಾರ್, ನಾನೇ ನೋಡ್ಕೋತೀನಿ" ಅಂದೆ.

ಭಾನುವಾರ ಇಡೀ ದಿನ ಬಾಗಿಲು ಹಾಕಿಕೊಂಡು ಕೆಲಸ ಮಾಡಿದೆ. ಹಲಗೆ ಕಿತ್ತುಹಾಕಿ, ಮಣ್ಣು, ಒಣಗಿದೆಲೆ, ಮುರಿದ ಕಡ್ಡಿ ಹರಡಿದೆ. ಹುಂಜವನ್ನು ಕಲ್ಲಿನ ಮೇಲೆ ನಿಲ್ಲಿಸಿದೆ. ಉಗ್ರಾಣದಲ್ಲಿ ಧೂಳು ಹಿಡಿದಿದ್ದ ನರಿಯನ್ನು ತಂದು ಮೂಲೆಯಲ್ಲಿಟ್ಟೆ. ಹೇಂಟೆಗೆ ಒಂದು ತೊಟ್ಟು ಬಣ್ಣವನ್ನೂ ಸೋಕಿಸಲಿಲ್ಲ.

ಸೋಮವಾರ ಮೇಲಿನವರು ಮೂವರು ಬಂದರು. ಪೆಟ್ಟಿಗೆಯೊಳಗೆ ಇಣುಕಿದ ಸಾಹೇಬರ ಮುಖ ಕೆಂಪಾಯಿತು.

"ಹೇಂಟೆ ಎಲ್ಲಿ? ಬಣ್ಣ ಹಚ್ಚಿ ಅಂದ್ರೆ ಹಕ್ಕಿಯನ್ನೇ ಮಾಯ ಮಾಡಿದ್ರಾ? ಇವತ್ತೇ ನೋಟಿಸ್ ಕೊಡ್ತೀನಿ!"

"ಧಾರಾಳವಾಗಿ ಕೊಡಿ ಸಾರ್. ಅದಕ್ಕೆ ಮುಂಚೆ ಇನ್ನೊಂದ್ಸಲ ನೋಡಿ. ನಿಮ್ಮ ಮೂಗಿನಿಂದ ಒಂದು ಗೇಣು ದೂರದಲ್ಲಿದೆ."

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಉಳಿದ ಮೂವರೂ ಬಗ್ಗಿದರು. ಬಹಳ ಹೊತ್ತಾದ ಮೇಲೆ ಸಾಹೇಬರು "ಅಯ್ಯಯ್ಯೋ!" ಎಂದು ಹಿಂದಕ್ಕೆ ಸರಿದರು. ಒಣಗಿದೆಲೆಗಳ ನಡುವೆ, ಮೊಟ್ಟೆಗಳ ಮೇಲೆ ಕೂತಿದ್ದ ಹೇಂಟೆ ಅವರನ್ನೇ ನೋಡುತ್ತಿತ್ತು.

"ಮೂರು ವಾರ ಇವಳು ನೆಲದ ಮೇಲೆ ಹೀಗೇ ಕಾವಿಗೆ ಕೂರಬೇಕು ಸಾರ್. ಕೆಂಪು ಹಳದಿ ಇದ್ದಿದ್ರೆ ಮೊದಲನೇ ದಿನವೇ ನರಿ ಬಾಯಿಗೆ. ಕಲ್ಲಿನ ಮೇಲಿರೋ ಆ ಮಹಾರಾಯನಿಗೆ ಕಾವಿನ ಕೆಲಸ ಇಲ್ಲ, ಮೆರೀತಾನೆ. ಮೆರೀಲೇಬೇಕು, ಯಾಕಂದ್ರೆ ಆರಿಸೋಳು ಇವಳು. ರೋಗ ಹಿಡಿದ ಹುಂಜದ ಗರಿ ಹೀಗೆ ಹೊಳೆಯಲ್ಲ, ಅದು ಇವಳಿಗೆ ಚೆನ್ನಾಗಿ ಗೊತ್ತು." ಅಷ್ಟಕ್ಕೆ ಸುಮ್ಮನಿರಬಹುದಿತ್ತು, ನನ್ನ ಬಾಯಿ ಕೇಳಬೇಕಲ್ಲ. "ನೀವು ನರಿಯಾಗಿದ್ರೆ ಇವತ್ತು ಉಪವಾಸವೇ!"

ಮೇಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೂ ನಗಲೇಬೇಕಾಯಿತು. "ಇದನ್ನ ಇನ್ನು ಯಾರೂ ಮುಟ್ಟಬಾರದು" ಎಂದು ಅವರೇ ಹೇಳಿ ಮುಂದಿನ ಕೋಣೆಗೆ ನಡೆದರು.

ಸಂಜೆ ಚಪ್ಪಲಿ ಬಿಡುವ ಮೊದಲೇ ಬಾಗಿಲಿನಿಂದ ಕೂಗಿದೆ.

"ಅಪ್ಪಾ! ಇವತ್ತು ನಾಲ್ಕು ಜನ ದೊಡ್ಡೋರು ಗಾಜಿಗೆ ಮೂಗು ಒತ್ತಿ ಹುಡುಕಿದ್ರು. ಬಹಳ ಹೊತ್ತು ನಿನ್ನ ಹೇಂಟೆ ಕಾಣಲೇ ಇಲ್ಲ!"

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. ಮುಖ ನನ್ನ ದನಿಯ ಕಡೆ ತಿರುಗಿತು.

"ಒಬ್ಬರಿಗೂ?"

"ಒಬ್ಬರಿಗೂ."

"ಹಾಗಾದ್ರೆ ಸರಿಯಾಗೇ ತುಂಬಿದ್ದೆ ಬಿಡು" ಎಂದ.