ಕೋಟಿನ ಕೆಂಪು ಹೊಲಿಗೆ

ಯಾರಾದರೂ ಪ್ರಶ್ನೆ ಕೇಳಿದರೆ ಶಹಾಬುದ್ದೀನ ಕಾಕಾ ತಕ್ಷಣ ಉತ್ತರಿಸುವವರಲ್ಲ. ಮೊದಲು ಬಲಗೈ ಕೋಟಿನ ಜೇಬಿಗೆ ಇಳಿಯುತ್ತದೆ. ಅಲ್ಲಿಂದ ಒಂದು ಲಿಂಬೆಹಣ್ಣು ಮೇಲೆ ಬರುತ್ತದೆ. ಎರಡು ಅಂಗೈಗಳ ನಡುವೆ ಜಪಮಣಿಯಂತೆ ಸಾವಕಾಶ ಉರುಳಿ, ಮೂಗಿನ ಬಳಿಗೆ ಏರಿ, ಒಂದು ದೀರ್ಘ ಉಸಿರಿಗೆ ತನ್ನ ಪರಿಮಳವನ್ನೆಲ್ಲ ಒಪ್ಪಿಸಿ ಮರಳಿ ಜೇಬು ಸೇರುತ್ತದೆ. ಉತ್ತರ ಬರುವುದು ಆಮೇಲೆ. ಇಂಡಿ ಪಟ್ಟಣದ ಬಸ್ ನಿಲ್ದಾಣದಲ್ಲಿ ಸಿಂದಗಿಯ ಗಾಡಿ ಯಾವುದೆಂದು ಇವರನ್ನು ಕೇಳಿ, ಲಿಂಬೆ ಜೇಬಿಗೆ ಮರಳುವಷ್ಟರಲ್ಲಿ ಗಾಡಿಯೇ ಹೊರಟುಹೋಗಿ, "ಅಕಾ, ಅಲ್ಲಿ ಹೊಂಟೈತಿ ನೋಡ್ರಿ, ಅದ" ಎಂಬ ಅತ್ಯಂತ ಖಚಿತವಾದ ಉತ್ತರವನ್ನು ಪಡೆದವರು ನಮ್ಮಲ್ಲಿದ್ದಾರೆ.

ಆ ಕೋಟಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಬೂದುಬಣ್ಣದ ಉಣ್ಣೆಯ ಕೋಟು. ಮೇ ತಿಂಗಳ ಬಿಸಿಲಿಗೆ ಡಾಂಬರು ಮೆತ್ತಗಾದರೂ ಕಾಕಾನ ಹೆಗಲಿನಿಂದ ಇಳಿಯದು. ಅದರ ಬಲಜೇಬಿನ ಮೇಲೆ ಹಿಂದೊಮ್ಮೆ ಕೆಂಡ ಬಿದ್ದು ಸುಟ್ಟ ತೂತು, ತೂತಿಗೆ ಢಾಳಾದ ಕೆಂಪು ದಾರದ ಹೊಲಿಗೆ. ಬೂದು ಕೋಟಿಗೆ ಬೂದು ದಾರ ಸಿಗಲಿಲ್ಲವೇ ಎಂದು ನಾನು ಕಾಕಾನ ಹೆಂಡತಿ ಶಮಶಾದಬಿಯನ್ನು ಒಮ್ಮೆ ಕೇಳಿದ್ದೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಇಂಥದ್ದನ್ನು ಕೇಳುವಷ್ಟು ಸಲುಗೆ ಉಂಟು.

"ಸಿಕ್ಕಿತ್ರಿ. ಕಾಣಲಿ ಅಂತನ ಕೆಂಪು ಹಾಕೇನಿ" ಎಂದರು ಆಕೆ. "ಆ ಜೇಬಿನ್ಯಾಗ ಮದಲ ಚಿಲುಮಿ ಇತ್ತು. ಈಗ ಲಿಂಬಿ ಐತಿ. ಮೂಗಿಗೆ ಏನರೆ ಒಂದು ಬೇಕ ಈ ಮನಷ್ಯಾಗ."

ಕಾಕಾ ಲಿಂಬೆಯ ವ್ಯಾಪಾರಿ. ಮುಂಜಾನೆ ಇಂಡಿಯ ಪೇಟೆಯಲ್ಲಿ ಹಳದಿ ರಾಶಿಗಳು ಬಿದ್ದು, ದಲಾಲರ ಕೂಗು ಏಳುವ ಹೊತ್ತಿನಲ್ಲಿ, ಮೊಣಕಾಲೆತ್ತಿ ನೆಲವನ್ನು ಪರೀಕ್ಷಿಸುತ್ತ ನಡೆಯುವ ಒಬ್ಬ ಎತ್ತರದ ಮನುಷ್ಯ ಕಂಡರೆ ಅದು ಇವರೇ. ಆ ನಡಿಗೆ ಬಂದದ್ದು ದೇವಣಗಾಂವದ ಭೀಮಾ ದಂಡೆಯ ರಾಡಿಯಲ್ಲಿ ಬಾಲ್ಯ ಕಳೆದದ್ದರಿಂದ. ಕೆಸರಿನಿಂದ ಕಾಲು ಕಿತ್ತಿಡುವ ಅಭ್ಯಾಸ ಗಟ್ಟಿ ನೆಲಕ್ಕೆ ಬಂದರೂ ಬಿಡಲಿಲ್ಲ. ತಮ್ಮದೇ ರಾಶಿಯ ಮುಂದೆ ನಿಂತು, ಗಿರಾಕಿ ನೋಡುವ ಮೊದಲೇ, "ಇದರ ಬುಡಕ ಕಲೆ ಬಿದ್ದದ್ದು ಅದಾವರಿ, ತಗದ ನೋಡ್ರಿ" ಎಂದು ಕೆಳಗಿನ ಹಣ್ಣನ್ನು ಮೇಲೆ ಹಾಕುವವರು ಆ ಪೇಟೆಯಲ್ಲಿ ಇವರೊಬ್ಬರೇ. ಇದೇ ಹಟ, ತಾವು ಸೇದಿ ಬಿಟ್ಟ ಗಾಂಜಾದ ವಿಷಯದಲ್ಲಿಯೂ. ಅದರ ಮೇಲಿನ ಹಣ್ಣನ್ನೂ ತೋರಿಸುತ್ತಾರೆ, ಬುಡದ ಹಣ್ಣನ್ನೂ ತೋರಿಸುತ್ತಾರೆ. ಊರಿಗೆ ಅವರು ಬೇಕಾದದ್ದೂ, ಕೆಲವರಿಗೆ ಬೇಡವಾದದ್ದೂ ಈ ಕಾರಣಕ್ಕೇ.

ಯೌವನದಲ್ಲಿ ಕಾಕಾ ದಮ್ಮಡಿಯೆಂಬ ಚರ್ಮವಾದ್ಯ ಬಾರಿಸುತ್ತ ತತ್ವಪದದ ಮೇಳಗಳೊಡನೆ ಊರೂರು ತಿರುಗಿದವರು. ನಮ್ಮ ಸೀಮೆಯ ಕೆಲವು ಮೇಳಗಳಲ್ಲಿ ಹಾಡಿನೊಡನೆ ಚಿಲುಮೆಯೂ ಸುತ್ತುತ್ತಿತ್ತು. ಕೈಗೆ ಬಂದದ್ದನ್ನು ಕಣ್ಣಿಗೊತ್ತಿಕೊಂಡು ಒಂದು ದಮ್ಮೆಳೆದು ಪಕ್ಕದವನಿಗೆ ದಾಟಿಸುವುದು ರೂಢಿ. ಹಾಗೆ ದಾಟಿಸುತ್ತ ದಾಟಿಸುತ್ತ, ಒಂದು ದಿನ ದಾಟಿಸುವುದನ್ನು ಮರೆತು ಚಿಲುಮೆ ಇವರ ಜೇಬಿನಲ್ಲಿಯೇ ಮನೆ ಮಾಡಿತು. ಯಾರೋ ಭಕ್ತನೊಬ್ಬ ಒಂದು ಭಜನೆಯನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟು ಕೇಳಿಸದೆ ಹೋಗಿದ್ದರೆ ಅದು ಅಲ್ಲಿಯೇ ಇರುತ್ತಿತ್ತೇನೋ.

"ಅವತ್ತ ನಾ ಬಾರಿಸಿದ್ದು ನನಗ ನೆನಪಿತ್ತು," ಎನ್ನುತ್ತಾರೆ ಕಾಕಾ. "ಗಂಧರ್ವರು ಇಳದ ಬಂದ ಕೇಳ್ಯಾರ ಅಂತ ತಿಳದಿದ್ದೆ. ಕ್ಯಾಸೆಟ್ ಹಚ್ಚಿದ್ರು. ಪದ ಮುಂದ ಹೊಂಟೈತಿ, ನನ್ನ ದಮ್ಮಡಿ ಕುಂಟೆತ್ತಿನಗತೆ ಹಿಂದ ಬರಾಕತ್ತೈತಿ. ನಾ ಆಕಾಶದಾಗ ಬಾರಿಸೀನಿ, ಕ್ಯಾಸೆಟ್ ನೆಲದ ಮ್ಯಾಲ ಇತ್ತು."

ಬಿಟ್ಟದ್ದು ಸುಲಭವಾಗಿರಲಿಲ್ಲ. ನಿದ್ದೆ ಹೋಯಿತು, ರುಚಿ ಹೋಯಿತು, ಬೆವರು ಬಂತು, ಬಂದ ಅರೆನಿದ್ದೆಯಲ್ಲಿಯೂ ಎಬ್ಬಿಸಿ ಕೂರಿಸುವ ಕನಸುಗಳು ಬಂದವು. ಸಣ್ಣ ಮಾತಿಗೆ ತಾಟು ಎಸೆದರು. ಶಮಶಾದಬಿ ಎಸೆದ ತಾಟನ್ನು ಎತ್ತಿ ತೊಳೆದು ಮತ್ತೆ ಅವರ ಮುಂದೆಯೇ ಇಟ್ಟು, "ಇದು ಜರ್ಮನ್ ತಾಟ, ಒಡಿಯಂಗಿಲ್ಲ. ನೀವೂ ಹಂಗ ಇರ್ರಿ" ಎಂದರಂತೆ. ಜಿಲ್ಲಾ ಆಸ್ಪತ್ರೆಯ ಡಾಕ್ಟರರ ಬಳಿಗೆ ಕೈಹಿಡಿದು ಕರೆದೊಯ್ದದ್ದೂ ಆಕೆಯೇ. ಜೇಬಿಗೆ ಮೊದಲ ಲಿಂಬೆ ಬಿದ್ದದ್ದು ಆ ದಾರಿಯಲ್ಲಿ, ಬಸ್ಸಿನ ವಾಕರಿಕೆಗೆಂದು.

ಈ ಚರಿತ್ರೆ ತಿಳಿದವರೊಬ್ಬರು ಕಾಕಾನನ್ನು ಮುದ್ದೇಬಿಹಾಳದ ಕಡೆಯ ಒಂದು ಕಾಲೇಜಿಗೆ ಕರೆದರು. ವ್ಯಸನಮುಕ್ತಿಯ ಕಾರ್ಯಕ್ರಮ, ಹೆಸರು ಬೇಡ. ಜೊತೆಗೆ ನಾನೂ ಹೋಗಿದ್ದೆ. ವೇದಿಕೆಯ ಮೇಲೆ ಹಾರ, ಶಾಲು, ನೀರಿನ ಬಾಟಲಿ. ಕಾಕಾ ಲಿಂಬೆ ಉರುಳಿಸಿ, ಮೂಸಿ, ಮೈಕಿನ ಮುಂದೆ ನಿಂತು ಹೇಳಿದ ಮೊದಲ ವಾಕ್ಯ ಇದು: "ಮದಲನೇ ಸಲ ಭಾಳ ಛಲೋ ಅನಸ್ತೈತಿ."

ಪ್ರಾಚಾರ್ಯರ ಮುಖ ಬೆಳ್ಳಗಾಯಿತು. ಪಕ್ಕಕ್ಕೆ ಬಾಗಿ, "ಕಾಕಾ, ಕೆಟ್ಟದ್ದು ಅಂತ ಹೇಳ್ರಿ, ಕೆಟ್ಟದ್ದು ಅಂತ" ಎಂದು ಪಿಸುಗುಟ್ಟಿದರು.

"ಹೇಳ್ತೇನ್ರಿ ಸರ, ಅದಕ್ಕನ ಬಂದೇನಿ. ಛಲೋ ಅನಸೂದು ಸುಳ್ಳ ಅಂತ ನಾ ಹೇಳಿದ್ನಿ ಅಂದ್ರ, ನಾಳೆ ಇವರು ಒಂದು ದಮ್ಮ ಎಳೀತಾರ, ಛಲೋ ಅನಸ್ತೈತಿ. ಈ ಮುದುಕ ಇದೊಂದು ಸುಳ್ಳ ಹೇಳ್ಯಾನ, ಉಳದದ್ದೂ ಸುಳ್ಳ ಇರಬೇಕ ಅಂತಾರ. ಆಮ್ಯಾಗ ನಾ ಹೇಳಿದ ಖರೇ ಮಾತ ಯಾರು ಕೇಳ್ತಾರ?"

ಮೈಕು ಆಗಲೇ ಬೇರೆಯವರ ಕೈಗೆ ಹೋಗಿತ್ತು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಹಾರ ಹಾಕಿಸಿಕೊಂಡ ಮುಖ್ಯ ಅತಿಥಿಗಳ ಸುತ್ತ ಯಾರೂ ಇರಲಿಲ್ಲ. ಹುಣಸೆಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದ ಕಾಕಾನ ಸುತ್ತ ನೆಲ ಕಾಣದಷ್ಟು ವಿದ್ಯಾರ್ಥಿಗಳು. ವಿಚಿತ್ರವೆಂದರೆ ಅವರಲ್ಲಿ ಯಾರೂ ತಮಗಾಗಿ ಕೇಳಲಿಲ್ಲ. ಎಲ್ಲರ ಪ್ರಶ್ನೆಯೂ ಒಬ್ಬ ಗೆಳೆಯನದು. ಕಾಕಾ ಆ ಗೆಳೆಯನ ಹೆಸರನ್ನು ಎಂದೂ ಕೇಳುವುದಿಲ್ಲ. ಅದು ಅವರ ಶಿಷ್ಟಾಚಾರ. "ನಿನ್ನ ಗೆಳೆಯಗ ಹೇಳು" ಎಂದೇ ಪ್ರತಿ ಉತ್ತರವನ್ನೂ ಆರಂಭಿಸುತ್ತಾರೆ. ಹಾಗೆ ಲಜ್ಜೆಗೆ ಒಂದು ಪರದೆ ಕಟ್ಟಿ ಸತ್ಯವನ್ನು ಒಳಗೆ ಕಳಿಸುತ್ತಾರೆ.

ಕನ್ನೊಳ್ಳಿಯ ಚೇತನಕುಮಾರನೂ ಒಬ್ಬ ಗೆಳೆಯನನ್ನು ಹೊತ್ತುಕೊಂಡೇ ಬಂದದ್ದು.

ಸಿಂದಗಿಯಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡ, ಮೂವತ್ತು ದಾಟಿದ, ಅಗಲ ಎದೆಯ ಆಳು. ಅವನ ತಾಯಿ ರುಕ್ಮವ್ವ ಬೀಸುವ ಹಾಡಿಗೆ ಸುತ್ತೂರಲ್ಲೆಲ್ಲ ಹೆಸರಾದವಳು. ಆ ಕಂಠ ಮಗನಿಗೆ ಬಳುವಳಿ. ಒಬ್ಬನೇ ಇದ್ದಾಗ ಹಾಡಿದರೆ ದಾರಿಯ ಎತ್ತು ನಿಲ್ಲಬೇಕು. ಮುಂದೆ ಜನ ಕೂತರೆ ಗಂಟಲು ಒಣಗಿ ಬಾವಿಯ ಹಗ್ಗದಂತೆ ಕಿರುಗುಟ್ಟಬೇಕು. ಕನ್ನೊಳ್ಳಿಯ ಮೇಳದ ಹಿರಿಯ ಹಾಡುಗಾರ ಅಪ್ಪಾಸಾಬರಿಗೆ ಉಬ್ಬಸ ಹಿಡಿದು, ಬಸವನ ಬಾಗೇವಾಡಿಯ ಸೀಮೆಯ ಒಂದು ಊರಿನ ಸಪ್ತಾಹದಲ್ಲಿ ಮುಂದಾಳಾಗಿ ಹಾಡುವ ಸರದಿ ಚೇತನಕುಮಾರನ ಪಾಲಿಗೆ ಬಂದಿತ್ತು. ದಮ್ಮಡಿ ಬಾರಿಸಲು ಕಾಕಾನನ್ನೂ ಕರೆದಿದ್ದರು. ಸಪ್ತಾಹದ ಭಜನೆಯೆಂದರೆ ಏಳು ದಿನ ಹಾಡು ಒಡೆಯಬಾರದು. ಮೇಳಗಳು ಪಹರೆಯಂತೆ ಪಾಳಿ ಬದಲಿಸುತ್ತವೆ. ಪಾಳಿ ಮುಗಿಸಿ ಏಳುವ ಮೇಳ ಹಾಡುತ್ತಿರುವಾಗಲೇ ಕೂರುವ ಮೇಳದ ಮುಂದಾಳು ಅದೇ ಪಲ್ಲವಿಯನ್ನು ಎತ್ತಿಕೊಳ್ಳಬೇಕು. ಎತ್ತದಿದ್ದರೆ ಹಾಡು ಸತ್ತಂತೆ, ಆ ಮೇಳದ ಹೆಸರೂ ಅದರ ಜೊತೆಗೆ.

"ನನ್ನ ಗೆಳೆಯಗ ಮಂದಿ ಅಂದ್ರ ಹೆದರಿಕಿರಿ," ಎಂದ ಚೇತನಕುಮಾರ, ಕಾಕಾನ ಮನೆಯ ಪಡಸಾಲೆಯಲ್ಲಿ ಲಿಂಬೆಯ ಚೀಲದ ಮೇಲೆ ಕೂತು. "ಒಂಚೂರು ತಗೊಂಡ್ರ ಹೆದರಿಕಿ ಹೋಗಿ ಧ್ವನಿ ಬಿಚ್ಚತೈತಿ ಅಂತಾರ. ಖರೇನ್ರಿ?"

ಲಿಂಬೆ ಉರುಳಿತು. "ನಿನ್ನ ಗೆಳೆಯಗ ಹೇಳು. ಒಬ್ಬೊಬ್ಬರಿಗೆ ಹೆದರಿಕಿ ಹೋಗತೈತಿ, ಒಬ್ಬೊಬ್ಬರಿಗೆ ಇದ್ದದ್ದು ದುಪ್ಪಟ್ಟ ಆಗತೈತಿ. ಯಾರಿಗೆ ಏನಂತ ಮದಲ ಗೊತ್ತಾಗಂಗಿಲ್ಲ. ಎದಿ ಡವಡವ ಅಂತೈತಿ, ಬಾಯಿ ಆರತೈತಿ. ಹಾಡವಗ ಬಾಯಿ ಆರಿದ್ರ ಹೆಂಗ?"

"ಸೇದೂದು ಬ್ಯಾಡ, ತಿಂದ್ರ?"

"ಸೇದಿದ್ದು ತಟಕ್ನ ಬರತೈತಿ. ತಿಂದದ್ದು ಬೀಗರಗತೆ. ಬರ್ತೇನಿ ಅಂದ ಹೊತ್ತಿಗೆ ಬರಂಗಿಲ್ಲ. ಬಂದ ಮ್ಯಾಲ ಹೋಗಂಗಿಲ್ಲ. ಇನ್ನೂ ಬರಲಿಲ್ಲಲಾ ಅಂತ ಹೊಸಬ ಮತ್ತೊಂದು ತಿಂತಾನ. ಆಮ್ಯಾಗ ಎರಡೂ ಕೂಡಿ ಬರ್ತಾವ."

"ಚಟ ಆಕ್ಕೈತೇನ್ರಿ?"

"ನನ್ನ ಕೋಟ ನೋಡು."

ಒಳಗಿನಿಂದ ಶಮಶಾದಬಿಯ ದನಿ ಕೇಳಿತು: "ಪೋಲೀಸರು ಹಿಡೀತಾರ ಅನ್ನೂದೂ ಹೇಳ್ರಿ! ಗೆಳೆಯನ್ನ ಹಿಡಿಯಂಗಿಲ್ಲ, ಇವನ್ನ ಹಿಡೀತಾರ!"

ಚೇತನಕುಮಾರ ನಕ್ಕ. ಕಾಕಾ ನಗಲಿಲ್ಲ. ಲಿಂಬೆಯನ್ನು ಜೇಬಿಗೆ ಮರಳಿಸದೆ ಅಂಗೈಯಲ್ಲಿಯೇ ಹಿಡಿದು, ತಾವೇ ಒಂದು ಪ್ರಶ್ನೆ ಕೇಳಿದರು. "ನಿನ್ನ ಗೆಳೆಯನ ಮನ್ಯಾಗ ಯಾರದರೆ ತಲಿ ಕೆಟ್ಟೈತೇನು?"

ಅವನು ಚೀಲದ ಹೊಲಿಗೆಯನ್ನು ಉಗುರಿನಿಂದ ಕೆದಕಿದ. "ಅವನ ಕಾಕಾ ಒಬ್ಬವ ಅದಾನ್ರಿ. ಗ್ವಾಡಿ ಜೋಡಿ ಮಾತಾಡ್ತಾನ. ವಯಸ್ಸಿನ್ಯಾಗ ಭಾಳ ಸೇದ್ತಿದ್ನಂತ."

"ಹಂಗಾದ್ರ ನಿನ್ನ ಗೆಳೆಯಗ ಬ್ಯಾಡ. ಒಂದು ದಮ್ಮೂ ಬ್ಯಾಡ. ಬ್ಯಾರೆಯವರು ಆಡಿ ಪಾರಾಗಬಹುದು. ಅಂವಗ ಈ ಆಟ ಬ್ಯಾಡ ಅಂತ ಹೇಳು."

ಹೇಳುತ್ತೇನೆ ಎಂದು ಹೋದ. ಹೇಳಿಕೊಂಡನೆಂದೇ ನಾವೂ ತಿಳಿದಿದ್ದೆವು.

ಸಪ್ತಾಹದ ಊರಿಗೆ ನಾವು ಮುಟ್ಟಿದಾಗ ಮಧ್ಯಾಹ್ನ. ಗುಡಿಯ ಪಡಸಾಲೆಯಲ್ಲಿ ಹೊರ್ತಿಯ ಮೇಳದ ಪಾಳಿ ಮುಗಿಯಲು ಬಂದಿತ್ತು. ಚೇತನಕುಮಾರ ಕಂಬಕ್ಕೆ ಆತುಕೊಂಡು ನಿಂತಿದ್ದ. ಕಣ್ಣು ಕೆಂಪು, ತುಟಿ ಬಿಳಿ, ಒಂದು ಕೈ ಎದೆಯ ಮೇಲೆ. ಕಾಕಾ ದೂರದಿಂದಲೇ ಒಮ್ಮೆ ನೋಡಿ, ಲಿಂಬೆಯನ್ನು ಮುಟ್ಟದೆ, ಕೆಸರಿನ ನಡಿಗೆಯನ್ನೂ ಮರೆತು ನೇರ ನಡೆದರು.

"ಎಷ್ಟ ತಿಂದಿ?"

"ಎರಡು ಭಂಗಿ ಉಂಡಿ ತಿಂದ್ನಿರಿ," ಎಂದ ಅವನು. ನಾಲಿಗೆ ತೊಡರುತ್ತಿತ್ತು. "ಯಾವನೋ ಸಾಧು ಕೊಟ್ಟ. ಒಂದು ತಿಂದೆ, ಏನೂ ಆಗಲಿಲ್ಲ... ನೀವು ಗಾಂಜಾಕ್ಕ ಬ್ಯಾಡ ಅಂದಿದ್ರಿ ಕಾಕಾ. ಇದು ಪ್ರಸಾದ ಅಂದ್ರ. ಪ್ರಸಾದಕ್ಕ ಒಲ್ಲೆ ಅನಬಾರದಲ್ರಿ?"

ನಗಬೇಕೋ ಅಳಬೇಕೋ ತಿಳಿಯದ ಮಾತು. ನಮ್ಮ ಸೀಮೆಯವನೇ ಮಾಡಬಲ್ಲ ತಪ್ಪು: ಅಮಲಿಗೆ ಬೇಡವೆನ್ನಲು ಬಂದೀತು, ಅಂಗೈಗೆ ಬಿದ್ದ ಪ್ರಸಾದಕ್ಕೆ ಬೇಡವೆನ್ನಲು ಯಾರು ಕಲಿಸಿದ್ದಾರೆ? ಅಷ್ಟರಲ್ಲಿ ಹೊರ್ತಿಯವರು ಪಲ್ಲವಿಗೆ ಬಂದರು. ಎತ್ತಿಕೊಳ್ಳಬೇಕಾದವನ ಬಾಯಿ ತೆರೆಯಿತು, ದನಿ ಬರಲಿಲ್ಲ. ಅವರು ಪಲ್ಲವಿಯನ್ನು ಮತ್ತೆ ಹಾಡಿದರು. ಮತ್ತೆ. ದಣಿದ ಕಂಠಗಳಲ್ಲಿ ಸಿಟ್ಟು ಸೇರತೊಡಗಿತು, ಜನ ತಿರುಗಿ ನೋಡತೊಡಗಿದರು.

ಆಗ ಹೆಂಗಸರ ಸಾಲಿನಿಂದ ಒಂದು ದನಿ ಎದ್ದಿತು. ರುಕ್ಮವ್ವ. ಯಾರನ್ನೂ ಕೇಳದೆ, ಸೆರಗು ಸರಿಮಾಡಿಕೊಂಡು, ಬೀಸುವ ಕಲ್ಲಿನ ಓಟದಲ್ಲಿ ಆ ಪಲ್ಲವಿಯನ್ನು ಎತ್ತಿಕೊಂಡಳು. ಮೇಳಕ್ಕೆ ಅರೆಕ್ಷಣ ದಿಗಿಲು. ಮರುಕ್ಷಣ ತಾಳಗಳು ಅವಳ ಹಿಂದೆ. ಕಾಕಾನ ದಮ್ಮಡಿ ಅಪ್ಪಾಸಾಬರ ಕೈಗೆ ಹೋಯಿತು. ಕಾಕಾ ಹೊರಗೆ, ಬೇವಿನ ನೆರಳಿನಲ್ಲಿ, ಚೇತನಕುಮಾರನ ಪಕ್ಕದಲ್ಲಿದ್ದರು.

"ಸಾಯ್ತೇನೇನ್ರಿ ಕಾಕಾ? ಎದಿ ಹಾರಿ ಹೊಂಟೈತಿ."

"ನಿನ್ನ ಗೆಳೆಯಗ ಹೇಳು," ಎಂದರು ಕಾಕಾ, ಎಂದಿನ ಅದೇ ಶಾಂತ ದನಿಯಲ್ಲಿ, "ಇದು ಅಮಲ ಐತಿ, ಸಾವಲ್ಲ ಅಂತ. ಬಂದದ್ದು ಹೋಗತೈತಿ. ಎದಿ ನೋಯಾಕ ಹತ್ತಿದ್ರ ಹೇಳು, ಜೀಪ ನಿಂತೈತಿ, ಬಾಗೇವಾಡಿ ದವಾಖಾನಿಗೆ ಹೋಗೂಣು. ಅಲ್ಲೀತನಾ ನನ್ನ ಕೈ ಹಿಡಿ."

ಯಾರೋ, "ಲಿಂಬಿ ಹಿಂಡಿ ಕುಡಸ್ರಿ, ನಶೆ ಇಳೀತೈತಿ" ಎಂದರು. ಹುಟ್ಟಾ ಲಿಂಬೆಯ ವ್ಯಾಪಾರಿ ಬೇಡವೆಂದು ತಲೆಯಾಡಿಸಿದರು: "ಇದನ್ನ ಇಳಸೂದು ಲಿಂಬಿ ಅಲ್ಲ, ಹೊತ್ತು. ಮೂಸಲಿ ಬೇಕಾದ್ರ." ಹಾಗೆ ಹೇಳಿ ಹಣ್ಣನ್ನು ಅವನ ಕೈಗಿಟ್ಟು, ಒಳಗಿನಿಂದ ಬರುತ್ತಿದ್ದ ಅವನ ತಾಯಿಯ ಹಾಡಿನ ತಾಳವನ್ನು ಅವನ ಬೆನ್ನ ಮೇಲೆ ಬೆರಳುಗಳಿಂದ ಮೆಲ್ಲಗೆ ಬಾರಿಸುತ್ತ ಕುಳಿತರು. ಬಾರಿಸಬೇಕಾದ ಗುಡಿಯನ್ನು ಬಿಟ್ಟು, ಬಿಸಿಲು ಇಳಿದು ನೆರಳು ಗೋಡೆ ಹತ್ತುವವರೆಗೂ, ಆ ಬೆನ್ನೊಂದೇ ಅವರ ದಮ್ಮಡಿ. ಉಸಿರು ತಾಳಕ್ಕೆ ಬಂದಿತು. ಕೊನೆಗೆ ಚೇತನಕುಮಾರ ಕಣ್ತೆರೆದು, "ಹಾಡು ಒಡದಿಲ್ಲಲ್ರಿ?" ಎಂದ. ಕಾಕಾ ಬಾಗಿಲ ಕಡೆ ತೋರಿಸಿದರು. ರುಕ್ಮವ್ವ ಇನ್ನೂ ಹಾಡುತ್ತಲೇ ಇದ್ದಳು.

ಮರುದಿನ ಮುಂಜಾನೆ ಹೊರ್ತಿಯವರು ತಮ್ಮ ಪಾಳಿಯ ತುಂಡೊಂದನ್ನು ಕನ್ನೊಳ್ಳಿಯವರಿಗೆ ಬಿಟ್ಟುಕೊಟ್ಟರು. "ಅವ್ವನ್ನ ಕಳಸ್ರಿ, ಮಗ ಬ್ಯಾಡ" ಎಂದು ಚೇಷ್ಟೆ ಮಾಡಿಯೇ ಕೊಟ್ಟರು. ಚೇತನಕುಮಾರ ತಲೆ ತಗ್ಗಿಸಿ ಹೋಗಿ ಕೂತ. ಪಲ್ಲವಿ ಎತ್ತಿದ. ದನಿ ನಡುಗಿತು, ಒಂದೆಡೆ ಸೀಳಿತು, ಮತ್ತೆ ಕೂಡಿತು. ಮೂರನೆಯ ಪದಕ್ಕೆ ಹೊರಗೆ ಚಹಾ ಕುಡಿಯುತ್ತಿದ್ದವರು ಕಪ್ಪು ಹಿಡಿದುಕೊಂಡೇ ಒಳಗೆ ಬಂದು ನಿಂತರು. ಪಾಳಿ ಮುಗಿದ ಮೇಲೆ ಕಾಕಾ ತಮ್ಮ ಮೊಬೈಲನ್ನು ಅವನ ಕಿವಿಗೆ ಹಿಡಿದರು, ಹಾಡೆಲ್ಲ ಅದರಲ್ಲಿತ್ತು.

ಅವನು ಕೇಳಿ, ಮುಖ ಸಣ್ಣದು ಮಾಡಿ, "ನಡಗೇತ್ರಿ ಕಾಕಾ" ಎಂದ.

ಲಿಂಬೆ ಉರುಳಿತು, ಮೂಗಿಗೆ ಹೋಯಿತು, ಜೇಬಿಗೆ ಇಳಿಯಿತು. "ನಡಗೇತಿ. ಆದ್ರ ನೆಲದ ಮ್ಯಾಲ ಐತಿ."

ಈಗ ಅವನು ಕಾಕಾನನ್ನು ಕೇಳಲು ಗೆಳೆಯನನ್ನು ಕರೆತರುವುದಿಲ್ಲ. ತನ್ನ ಪ್ರಶ್ನೆಯನ್ನು ತನ್ನದೆಂದೇ ಕೇಳುತ್ತಾನೆ. ಅವನ ಕಾಕಾನನ್ನು, ಗೋಡೆಯೊಡನೆ ಮಾತಾಡುವವನನ್ನು, ವಿಜಯಪುರದ ಡಾಕ್ಟರರಿಗೆ ತೋರಿಸಿದ್ದಾರೆ. ಗೋಡೆಯ ಜೊತೆಗೆ ಮನುಷ್ಯರೊಡನೆಯೂ ಒಂದೆರಡು ಮಾತು ಆರಂಭವಾಗಿವೆಯೆಂದು ರುಕ್ಮವ್ವ ಹೇಳುತ್ತಾಳೆ.

ಹಳ್ಳ ದಾಟುವಲ್ಲಿ ಎರಡು ಬಗೆಯ ಹಿರಿಯರು ನಿಂತಿರುತ್ತಾರೆ. ಒಬ್ಬರು ದಂಡೆಯಿಂದಲೇ ನೀರನ್ನು ಬೈಯುವವರು. ಅವರ ಬಟ್ಟೆ ಎಂದೂ ಒದ್ದೆಯಾಗಿರುವುದಿಲ್ಲ, ಅವರ ಮಾತಿಗೆ ಕಿರಿಯರ ಕಿವಿಯೂ ಒದ್ದೆಯಾಗುವುದಿಲ್ಲ. ಇನ್ನೊಬ್ಬರು ಒಮ್ಮೆ ಕೊಚ್ಚಿಹೋಗಿ, ಯಾರದೋ ಕೈ ಹಿಡಿದು ಮೇಲೆ ಬಂದು, ಮಡು ಎಲ್ಲಿದೆಯೆಂದು ಕೇಳಿದವರಿಗೆಲ್ಲ ತೋರಿಸುತ್ತ ಅಲ್ಲಿಯೇ ಉಳಿದುಬಿಟ್ಟವರು. ನೀರು ತಂಪಾಗಿತ್ತು ಎಂಬುದನ್ನೂ ಅವರು ಮುಚ್ಚಿಡುವುದಿಲ್ಲ. ಅದಕ್ಕೇ ಮಡುವಿನ ಮಾತನ್ನು ನಾವು ನಂಬುತ್ತೇವೆ. ಅಂಥವರು ತಮ್ಮ ಹರಿದದ್ದನ್ನು ಬಣ್ಣ ಹೊಂದಿಸಿ ಹೊಲಿಸಿಕೊಳ್ಳುವುದಿಲ್ಲ. ದೂರದಿಂದ ಬರುವವನಿಗೂ ಕಾಣಲಿ ಎಂದು ಹೊಲಿಗೆಯನ್ನು ಕೆಂಪಾಗಿಯೇ ಬಿಟ್ಟಿರುತ್ತಾರೆ.