ಹೆರಿಯಣ್ಣ ಹಿಡಿದ ಹಗ್ಗ

ನಮ್ಮ ಅಂಗಡಿಯ ಕಿಟಕಿಗಾಜಿಗೆ ಯಾವಾಗಲೂ ಹಬೆ ಹಿಡಿದಿರುತ್ತಿತ್ತು. ನನ್ನ ಗಂಡ ಹೆರಿಯಣ್ಣ ಅಂಗಿಯ ತೋಳಿನಿಂದ ರೊಟ್ಟಿಯಷ್ಟು ಅಗಲ ಒರೆಸಿ, ಅಲ್ಲಿಂದ ಬಂದರನ್ನು ನೋಡುತ್ತಿದ್ದರು. ಹೊರಗೆ ಎಂಥ ಚಳಿಯೆಂದರೆ, ಆಡಿದ ಮಾತು ಕಿವಿ ಮುಟ್ಟುವ ಮೊದಲೇ ಹೆಪ್ಪುಗಟ್ಟಿ ನೆಲಕ್ಕೆ ಬೀಳಬೇಕು. ಒಳಗೆ ಮೀನಿನ ಸಾರು ಕುದಿಯುತ್ತಿತ್ತು.

ಹಡಗಿನ ಅಡುಗೆಯವರಾಗಿ ನಮ್ಮ ಕರಾವಳಿ ಬಿಟ್ಟ ಇವರು ಯುರೋಪಿನ ಆ ಬಂದರಿನಲ್ಲಿ ಇಳಿದು, ಅಲ್ಲಿಯೇ ನಿಂತು, ಆಮೇಲೆ ನನ್ನನ್ನು ಕರೆಸಿಕೊಂಡಿದ್ದರು. ಊರವರ ಬಾಯಲ್ಲಿ ಅವರು 'ಹೆರಿ' ಆದರು. ಬೆಳಗ್ಗೆ ಊರಿನ ದೋಣಿಗಳಲ್ಲಿ ಹೋಗಿ ಬಲೆ ಎಳೆಯುವುದು, ಮಧ್ಯಾಹ್ನ ಅದೇ ಮೀನನ್ನು ಬೇಯಿಸಿ ಎಳೆದವರಿಗೇ ಬಡಿಸುವುದು. ನಾವು ಅಲ್ಲಿ ಹಾಗೆ ಮುದುಕರಾದೆವು.

ಊರಿನವರ ಹೊಸ ರಾಜಕೀಯ ಪಕ್ಷ ಹುಟ್ಟಿದ್ದು ನಮ್ಮ ಅಂಗಡಿಯಲ್ಲಿ. ಬೇರೆ ದೇಶಗಳ ದೊಡ್ಡ ಹಡಗುಗಳು ಬಂದು ಸಮುದ್ರವನ್ನು ಗುಡಿಸಿಕೊಂಡು ಹೋಗಿ, ಊರಿನ ಬಲೆಗಳಿಗೆ ನೀರು ಬಿಟ್ಟರೆ ಬೇರೇನೂ ಸಿಗದಿದ್ದ ವರ್ಷ ಅದು. ಹಾಯಿ ಹೊಲಿಯುವ ಓಸ್ವಿನ್ ನಮ್ಮ ಬೆಂಚು ಹತ್ತಿ ನಿಂತ. ಮೊದಲೇ ಅವನು ಎಷ್ಟು ಎತ್ತರವೆಂದರೆ, ಮಳೆ ಅವನ ತಲೆಗೆ ಬಿದ್ದು ಎಷ್ಟೋ ಹೊತ್ತಾದ ಮೇಲೆ ನಮಗೆ ಬರುತ್ತಿತ್ತು.

"ಈ ನೆಲ ಇಲ್ಲಿಯವರದ್ದು! ಈ ಕಡಲು ಇಲ್ಲಿಯವರದ್ದು! ಹೊರಗಿನವರು ಆಚೆಗೆ!" ಎಂದು ಕೂಗಿದ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನನ್ನ ಗಂಡ.

ಪಾತ್ರೆ ತೊಳೆಯುವಾಗ ನಾನು ಕೆಣಕಿದೆ. "ಹ್ವಾಯ್, ಅವ ಹೊರಗಿನವ್ರು ಅಂದದ್ದು ಯಾರನ್ನ? ಕನ್ನಡಿ ತಂದ್ ಕೊಡ್ಲಾ?"

"ಸುಮ್ನಿರ್ ಮಾರಾಯ್ತಿ. ಅದು ಆ ದೊಡ್ಡ ಹಡಗಿನವ್ರಿಗೆ. ನಮ್ ಬದೀಲಿ ರಂಪಣಿ ಎಳೀವಾಗ ಹಗ್ಗ ಹಿಡಿದವ್ನಿಗೆ ಪಾಲ್ ಇತ್ತಲ್ದಾ? ನೀ ಎಲ್ಲಿಯವ ಅಂದ್ ಯಾರಾದ್ರೂ ಕೇಂತ್ರಾ?"

ನಮ್ಮ ಕಡಲತೀರದಲ್ಲಿ ಹಾಗೆಯೇ ನಡೆಯುತ್ತಿತ್ತು. ರಂಪಣಿಯೆಂಬ ಆ ಮಹಾಬಲೆಯನ್ನು ದಡಕ್ಕೆ ಎಳೆಯುವಾಗ ದಾರಿಹೋಕನೊಬ್ಬ ಬಂದು ಕೈಹಾಕಿದರೂ ಸಂಜೆ ಅವನ ಬುಟ್ಟಿಗೆ ಮೀನು ಬೀಳುತ್ತಿತ್ತು. ಓಸ್ವಿನ್ನನ ಪಕ್ಷವೂ ಒಂದು ರಂಪಣಿಯೆಂದೇ ಇವರು ತಿಳಿದರು. ಸಭೆ ಇದ್ದಲ್ಲೆಲ್ಲ ಕೊಪ್ಪರಿಗೆ ಹೊತ್ತುಕೊಂಡು ಹೋದರು. ಆ ಚಳಿಯಲ್ಲಿ ಜನ ಅವನ ಭಾಷಣಕ್ಕೆ ಬಂದರೋ ಇವರ ಬಿಸಿ ಸಾರಿಗೆ ಬಂದರೋ, ದೇವರೇ ಹೇಳಬೇಕು. ನನ್ನನ್ನು ಕೇಳಿದರೆ ಸಾರಿಗೇ.

ಪಕ್ಷ ಹುಳಿ ಬಂದ ಹಿಟ್ಟಿನ ಹಾಗೆ ಉಬ್ಬಿತು. ಓಸ್ವಿನ್ ಚುನಾವಣೆ ಗೆದ್ದು ಊರಿನ ಯಜಮಾನನಾದ. ಗೆದ್ದ ದಿನದ ಊಟಕ್ಕೆ ಇವರದೇ ಅಡುಗೆ. ಮದುವೆಯ ಕೋಟು ತೊಟ್ಟು, ಮೀಸೆಗೆ ಎಣ್ಣೆ ಹಚ್ಚಿ ಹೊರಟಿದ್ದರು. ವೇದಿಕೆಯ ಮೆಟ್ಟಿಲಿನ ಬಳಿ ಓಸ್ವಿನ್ ಇವರ ಹೆಗಲು ಹಿಡಿದು ಬಾಗಿದ.

"ಹೆರಿ, ಪತ್ರಿಕೆಯವರು ಬಂದಿದ್ದಾರೆ. ನೀನು ಸ್ವಲ್ಪ ಅಡುಗೆಮನೆಯಲ್ಲೇ ಇರು. ಬೇಜಾರಿಲ್ಲ ತಾನೆ?"

"ಬೇಜಾರ್ಯಾಕೆ? ಒಲೆ ನೋಡ್ಕೊಳ್ಳೋರು ಬೇಕಲ್ಲ," ಎಂದರು ಇವರು, ಆ ಊರಿನ ಭಾಷೆಯಲ್ಲೇ, ನಗುತ್ತಲೇ. ಕೋಟನ್ನು ಮಾತ್ರ ಬಿಚ್ಚಲಿಲ್ಲ. ಅದನ್ನು ತೊಟ್ಟುಕೊಂಡೇ ಈರುಳ್ಳಿ ಹೆಚ್ಚಿದರು.

ಹಿಮ ಕರಗುವ ಹೊತ್ತಿಗೆ ಹೊಸ ಕಟ್ಟಳೆ ಬಂತು. ಬಂದರಿನಲ್ಲಿ ಹೊರಗಿನವರ ಅಂಗಡಿ ಇರಕೂಡದು. ಓಸ್ವಿನ್ ತಾನೇ ಬಂದು, ಟೊಪ್ಪಿ ಕೈಯಲ್ಲಿ ಹಿಡಿದು ನಿಂತ. "ಇದು ನಿನ್ನ ಮೇಲೆ ಅಲ್ಲ ಹೆರಿ. ಆದರೆ ನಿನ್ನೊಬ್ಬನನ್ನು ಬಿಟ್ಟರೆ ಉಳಿದವರು ಕೇಳ್ತಾರೆ. ಸ್ವಲ್ಪ ದಿನ ಬಾಗಿಲು ಹಾಕು."

ಇವರು ಒಲೆ ಆರಿಸಿದರು. ಗಾಜು ತಿಳಿಯಾಯಿತು. ಇಡೀ ಬಂದರು ಒರೆಸದೆಯೇ ಕಾಣುತ್ತಿತ್ತು. ಆದರೂ ಅಭ್ಯಾಸಬಲದಿಂದ ಇವರು ತೋಳಿನಿಂದ ಉಜ್ಜುವುದನ್ನು ಕಂಡು ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಆಮೇಲೆ ಆ ಪಕ್ಷಕ್ಕೆ ತನ್ನದೇ ರೋಗ ಹಿಡಿಯಿತು. ಹೊರಗಿನವರು ಮುಗಿದ ಮೇಲೆ ಒಳಗಿನವರನ್ನು ಸೋಸತೊಡಗಿದರು. ಒಬ್ಬನ ಅಜ್ಜಿ ಹೊಳೆಯಾಚೆಯವಳು, ಇನ್ನೊಬ್ಬನ ಮುತ್ತಜ್ಜನ ಹೆಸರೇ ಬೇರೆ ನಾಡಿನದು. ಇನ್ನೊಂದು ವರ್ಷ ಬಿಟ್ಟಿದ್ದರೆ ಕಡಲಿನ ಮೀನುಗಳನ್ನೂ ನಿಲ್ಲಿಸಿ ನಿನ್ನ ತಾಯಿ ಯಾವ ಊರಿನವಳು ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ದೊಡ್ಡ ಹಡಗುಗಳು ಮತ್ತೆ ಬಂದವು. ಮೀನು ಬರಲಿಲ್ಲ. ಮುಂದಿನ ಚುನಾವಣೆಯಲ್ಲಿ ಊರು ಪಕ್ಷವನ್ನು ಕಸದ ಹಾಗೆ ಗುಡಿಸಿ ಹಾಕಿತು. ಭಾಷಣಕ್ಕೆ ಕುಣಿದವರೇ ಓಸ್ವಿನ್ನನನ್ನು ಕಂಡರೆ ರಸ್ತೆ ದಾಟುತ್ತಿದ್ದರು. ಕಾಲು ಊದಿಕೊಂಡು, ಪಕ್ಷದ ಖಾಲಿ ಮನೆಯಲ್ಲಿ ಅವನೊಬ್ಬನೇ ಕೂತಿದ್ದಾನೆಂದು ಸುದ್ದಿ ಬಂತು.

ಇವರು ಸಾರು ಮಾಡಿದರು.

"ಬೀಗ ಹಾಕ್ಸಿದವ್ನಿಗೆ ಸಾರಾ? ವಿಷ ಹಾಕಿ, ನಾ ಬೇಕಾರೆ ಅರೆದ್ ಕೊಡ್ತೆ," ಎಂದೆ.

"ಅವ್ನಿಗ್ ಈಗ ಯಾರಿದ್ರ್ ಮಾರಾಯ್ತಿ? ಪಕ್ಷದಲ್ಲಿ ಉಳಿದದ್ದೇ ಅವ, ನಾ ಇಬ್ರು."

ಬೈಯುತ್ತಲೇ ಪಾತ್ರೆಯ ಇನ್ನೊಂದು ಕಿವಿ ಹಿಡಿದು ಹೊರಟೆ. ಸಂಜೆಯಾಗಿತ್ತು. ಓಸ್ವಿನ್ ಕಂಬಳಿ ಹೊದ್ದು ಕೂತಿದ್ದ. ಆ ಎತ್ತರ ಎಲ್ಲಿ ಹೋಗಿತ್ತೋ, ಕುರ್ಚಿಯಲ್ಲಿ ಅವನು ಕಾಣುವುದೇ ಕಷ್ಟ. ಹಸಿದ ನಾಯಿಯ ಹಾಗೆ ಉಂಡ. ಇವರು ಎದುರಿಗೆ ಕೂತು, ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು, ಅವನು ಉಂಡು ಮುಗಿಸುವವರೆಗೂ ಕಾದರು.

"ಓಸ್ವಿನ್, ಒಂದು ಮಾತು ಕೇಳಲಾ?"

"ಕೇಳು ಹೆರಿ."

"ಈಗ ಇಲ್ಲಿ ಯಾರೂ ಇಲ್ಲ. ಪತ್ರಿಕೆಯವರಿಲ್ಲ. ನೀನು ಏನು ಹೇಳಿದರೂ ನಿನಗೆ ನಷ್ಟವಿಲ್ಲ. ನಾನು ಈ ಊರಿನವನೇ ಅಲ್ಲವಾ?"

ಒಂದು ಹೂಂ ಸಾಕಿತ್ತು. ಅವನು ಸುಳ್ಳೇ ಹೇಳಿದ್ದರೂ ನಾನು ಅವನ ಊದಿದ ಕಾಲನ್ನು ಜನ್ಮವಿಡೀ ನೀವುತ್ತಿದ್ದೆ.

ಓಸ್ವಿನ್ ಚಮಚವನ್ನು ಕಂಬಳಿಗೆ ಒರೆಸಿದ. ಆ ಕಡೆ ಒರೆಸಿದ, ಈ ಕಡೆ ಒರೆಸಿದ. ಕೊನೆಗೆ ಇವರ ಮುಖ ನೋಡಿ, ಬಹಳ ಮೆತ್ತಗೆ, ಪ್ರೀತಿಯಿಂದಲೇ ಹೇಳಿದ.

"ನೀನು ಬಹಳ ಒಳ್ಳೆಯವನು, ಹೆರಿ."

ಇವರು ತಲೆಯಾಡಿಸಿದರು. ಎದ್ದು, ಒಲೆಗೆ ಇನ್ನೆರಡು ಕಟ್ಟಿಗೆ ಇಟ್ಟು, ಅವನ ಕಂಬಳಿಯನ್ನು ಪಾದದವರೆಗೆ ಎಳೆದು ಸರಿಮಾಡಿ, ಹೊರಗೆ ಬಂದರು. ನಾನು ಖಾಲಿ ಪಾತ್ರೆ ಎತ್ತಿಕೊಂಡು ಹಿಂದೆಯೇ ಬಂದೆ. ಆ ಸಂಜೆಯ ನಂತರ ಇವರು ಆ ಊರಿನ ಭಾಷೆಯನ್ನು ಆಡಲಿಲ್ಲ. ಸಾಯುವವರೆಗೂ, ಎದುರು ಸಿಕ್ಕವರು ಕ್ಷೇಮ ಕೇಳಿದರೆ, ನಮ್ಮ ಮಾತಿನಲ್ಲೇ ಉತ್ತರ ಕೊಟ್ಟು ಮುಂದೆ ಹೋಗುತ್ತಿದ್ದರು.

ಆ ಸಂಜೆ ಬಂದರಿನ ಕಟ್ಟೆಯ ಮೇಲೆ ಮನೆಗೆ ನಡೆಯುವಾಗ, ಅಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ, ನಡುಬೀದಿಯಲ್ಲಿ ನನ್ನ ಕೈ ಹಿಡಿದುಕೊಂಡರು. ಹಿಮ ಬೀಳತೊಡಗಿತ್ತು. ಮನೆಗಳ ಮಾಡಿನ ಮೇಲೆ, ಕಟ್ಟಿದ ದೋಣಿಗಳ ಮೇಲೆ ಬಿದ್ದದ್ದು ಬೆಳ್ಳಗೆ ಕೂತುಕೊಳ್ಳುತ್ತಿತ್ತು. ಕಡಲಿನ ಮೇಲೆ ಬಿದ್ದದ್ದು, ಬಿದ್ದಲ್ಲೇ ಇಲ್ಲವಾಗುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು.